ದವಡೆ ಮುರಿದವನ ಹೆಸರು

ಬರ್ನಡೀನ್ ಹ್ರಾಬ್ಚಾಕಳ ದವಡೆಯನ್ನು ಟಿ.ವಿ.ಯ ರಾಯ್ಸ್ ಟಾರ್ವಾಟರನ ಅಭಿಮಾನಿಗಳು ಮುರಿದರು ಎಂದು ನಮ್ಮ ಕಣಿವೆಯ ಪತ್ರಿಕೆ ಮೊದಲ ಪುಟದಲ್ಲೇ ಬರೆಯಿತು. ಸುಳ್ಳು. ಮುರಿದವನು ಅವಳ ಸ್ವಂತ ತಮ್ಮ ಎಮಿಲ್. ನಾನು ಬಾಗಿಲಲ್ಲೇ ನಿಂತಿದ್ದೆ. ಚರ್ಚಿನ ನೆಲಮಾಳಿಗೆಯಿಂದ ತಂದ ಬಿಸಿಬಿಸಿ ಪಿರೋಹಿ, ಅಂದರೆ ಆಲೂಗಡ್ಡೆ ತುಂಬಿದ ಕಡುಬು, ಕೈಯಲ್ಲಿತ್ತು. ಮೂಳೆ ಮುರಿದ ಸದ್ದು ನನ್ನ ಕಿವಿಗೇ ಬಿತ್ತು. ಅಷ್ಟಾದರೂ ಹತ್ತೊಂಬತ್ತು ದಿನ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದೆ. ಈಗ ಹೇಳುತ್ತೇನೆ, ಮಾತು ಜಾಸ್ತಿಯಾಯಿತು ಅನ್ನಿಸಿದವರು ಎದ್ದು ಹೋಗಬಹುದು.

ನಾವಿಬ್ಬರೂ ಕೋಲ್ವಿನ್ಸ್ ಫೆರಿ ಊರಿನ ಗುಡ್ಡದ ರಸ್ತೆಯಲ್ಲಿ ಅಕ್ಕಪಕ್ಕದ ಮನೆಯವರು. ಕೆಳಗೆ ನದಿ ದಂಡೆಯ ಸೂಪರ್‌ಮಾರ್ಕೆಟ್ಟಿನಲ್ಲಿ ಅವಳು ಮೂವತ್ತೊಂದು ವರ್ಷ ಮಾಂಸ ಕತ್ತರಿಸಿದಳು. ನಾನು ಪಕ್ಕದ ಕೌಂಟರಿನಲ್ಲಿ ಹ್ಯಾಮು, ಚೀಸು ಹೆಚ್ಚಿಕೊಟ್ಟೆ. ಅವಳಿಗೆ ಇಪ್ಪತ್ತೆರಡಾಗಿದ್ದಾಗ ಮೂಳೆ ಕೊಯ್ಯುವ ಗರಗಸ ಎಡಗೈಯ ತೋರುಬೆರಳನ್ನು ಬುಡದಿಂದ ತೆಗೆದುಬಿಟ್ಟಿತು. ಕಿರುಚಿದವಳು ನಾನು. ಅವಳು ಹಂದಿಮಾಂಸದ ತುಂಡುಗಳ ನಡುವೆ ಬಿದ್ದಿದ್ದ ಬೆರಳನ್ನು ಹೆಕ್ಕಿ ಐಸಿನಲ್ಲಿಟ್ಟಳು, ರಕ್ತ ಸುರಿಯುವ ಕೈಯನ್ನು ಏಪ್ರನ್ನಿನಲ್ಲಿ ಸುತ್ತಿಕೊಂಡಳು, ಕಾದು ನಿಂತಿದ್ದ ಗಿರಾಕಿಗೆ "ಆ ತಟ್ಟೆ ಬೇಡಮ್ಮ, ಒಳಗಿಂದ ಬೇರೆ ತಂದ್ಕೊಡ್ತಾರೆ" ಅಂದಳು. ಆಮೇಲೆ ದೊಪ್ಪನೆ ಬಿದ್ದಳು. ಬೆರಳು ಮತ್ತೆ ಕೂಡಲಿಲ್ಲ.

ಉಳಿದ ಒಂಬತ್ತು ಬೆರಳುಗಳಿಂದಲೇ ಅವಳು ಅಂತರ್ಜಾಲದ ವಿಶ್ವಕೋಶಕ್ಕೆ ಬರೆಯಲು ಶುರುಮಾಡಿದಳು. ಯಾರು ಬೇಕಾದರೂ ಬರೆಯಬಹುದಾದ, ಯಾರೂ ಸಂಬಳ ಕೊಡದ ಕೆಲಸ. ಹಂದಿಯ ಭುಜದ ಮಾಂಸದ ಬಗ್ಗೆ ಯಾರೋ ತಪ್ಪು ಬರೆದಿದ್ದರಂತೆ, ಅದನ್ನು ತಿದ್ದಲು ಹೋದವಳು ಅಲ್ಲೇ ಉಳಿದುಬಿಟ್ಟಳು. ಅಲ್ಲಿ ಅವಳ ಹೆಸರು 'ಒಂಬತ್ತು ಬೆರಳು'. ಅಲ್ಲಿನವರಿಗೆ ಒಂದೇ ಹುಚ್ಚು: ಬರೆದ ಪ್ರತಿ ಮಾತಿಗೂ ಅಚ್ಚಾದ ಆಧಾರ ಬೇಕು. ಕಣ್ಣಾರೆ ಕಂಡದ್ದು ಆಧಾರವಲ್ಲ. "ನಾನೇ ನೋಡಿದೀನಲ್ಲೇ!" ಅಂತ ಒಮ್ಮೆ ರೇಗಿದಾಗ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ನೀನು ಎಲ್ಲಾದ್ರೂ ಅಚ್ಚಾಗಿದೀಯೇನೇ ವಿಲ್ಮಾ?" ಅಂದಳು. ಮೈ ಉರಿದುಹೋಗಿತ್ತು ನನಗೆ.

ಏಳು ವರ್ಷದ ಹಿಂದೆ ನಮ್ಮ ಗಾಜಿನ ಕಾರ್ಖಾನೆಯಲ್ಲಿ ಮುಷ್ಕರವಾಯಿತು. ಎಮಿಲ್ ಕುಲುಮೆ ಕೆಲಸದವನು, ಗೇಟಿನ ಮುಂದೆ ನಿಂತವರಲ್ಲಿ ಒಬ್ಬ. ರಾಯ್ಸ್ ಟಾರ್ವಾಟರ್ ಸಂಜೆ ಎಂಟರ ತನ್ನ ಕಾರ್ಯಕ್ರಮದಲ್ಲಿ ನಮ್ಮ ಊರಿನ ಹೆಸರು ಹೇಳಿ, "ಈ ಸೋಮಾರಿಗಳಿಗೆ ಅರ್ಥ ಆಗೋದು ಬೇಸ್‌ಬಾಲ್ ದೊಣ್ಣೆಯ ಭಾಷೆ ಒಂದೇ" ಅಂದ. ಅಂದು ನಕ್ಕ. ಮೂರನೇ ದಿನ ಬೆಳಿಗ್ಗೆ ಎರಡು ಟ್ರಕ್ಕುಗಳಿಂದ ಹನ್ನೊಂದು ಜನ ದೊಣ್ಣೆ ಹಿಡಿದು ಇಳಿದರು. ಗೇಟಿನ ಮುಂದಿದ್ದ ಮುದುಕ ಕೆಲಸಗಾರ ಮಿಹಾಲಿಕ್ ತಲೆ ಒಡೆದು ಕಾಫಿ ಕಾಯಿಸುವ ಹಂಡೆಯ ಪಕ್ಕದಲ್ಲೇ ಸತ್ತ. ಎಮಿಲನ ಎಡಗಣ್ಣು ಒಡೆದು ಕೆನ್ನೆಯ ಮೇಲೆ ಇಳಿದಿತ್ತು. ಅವನು ಅದನ್ನು ಅಂಗೈಯಲ್ಲಿ ಹಿಡಿದುಕೊಂಡೇ ಆಂಬುಲೆನ್ಸ್ ಹತ್ತಿದ. ನಮ್ಮ ಕಣಿವೆಯ ಪತ್ರಿಕೆಯಲ್ಲಿ ಆ ಚಿತ್ರ ಬಂತು.

ಟಾರ್ವಾಟರನ ಜೀವನಚರಿತ್ರೆಯ ಪುಟಕ್ಕೆ ಬರ್ನಡೀನ್ ಕೈಹಾಕಿದ್ದು ಆವಾಗ. ಹರಿದು ಹಾಕುತ್ತಾಳೆ ಅಂದುಕೊಂಡೆ ನಾನು. ಎಲ್ಲಿ! ಅವನು ಇಂಥ ದಿನ ಇಂಥ ಮಾತು ಹೇಳಿದ ಎಂದು ಬರೆದಳು, ಆಧಾರ ಹಾಕಿದಳು. ಮೂರು ದಿನದ ಮೇಲೆ ಹೀಗಾಯಿತು ಎಂದು ಬರೆದಳು, ಆಧಾರ ಹಾಕಿದಳು. ಅಷ್ಟೇ.

ಎಮಿಲ್ ಕೂಗಾಡಿದ. "ಅವನು ಹೇಳ್ದ, ಇವರು ಹೊಡೆದ್ರು. ಮಧ್ಯ 'ಅದಕ್ಕೇ' ಅಂತ ಒಂದು ಮಾತು ಹಾಕಕ್ಕೆ ನಿನ್ ಕೈಗೇನು ಲಕ್ವಾ ಹೊಡೆದಿದೆಯಾ ಅಕ್ಕ?"

"ಹೊಡೆದವರು ಕೋರ್ಟಲ್ಲಿ ಏನಂದ್ರು? ನಾವು ಆ ಕಾರ್ಯಕ್ರಮ ನೋಡೇ ಇಲ್ಲ ಅಂದ್ರು. 'ಅದಕ್ಕೇ' ಅಂತ ಯಾವ ಪತ್ರಿಕೆಯೂ ಬರ್ದಿಲ್ಲ ಕಣೋ. ನಂಗೆ ಗೊತ್ತು, ನಿಂಗೆ ಗೊತ್ತು. ಬರೆಯಕ್ಕೆ ಅದು ಸಾಲಲ್ಲ."

ಅಷ್ಟು ಬರೆದದ್ದಕ್ಕೂ ಟಾರ್ವಾಟರನ ಕಡೆಯವರು ಅವಳ ಮೇಲೆ ಬಿದ್ದರು. 'ಗೋಧಿಹೊಲ' ಅಂತ ಹೆಸರಿಟ್ಟುಕೊಂಡ ಒಬ್ಬ ಕಾನ್ಸಾಸಿನವನು ಐದು ವರ್ಷ ಅವಳ ಜೊತೆ ಒಂದೊಂದು ಅಡಿಟಿಪ್ಪಣಿಗೂ ಕಾದಾಡಿದ. ಅವನದಾದರೂ ಬರಹದ ಜಗಳ. ಉಳಿದವರು ಅವಳ ವಿಳಾಸ ಹುಡುಕಿ, ಸತ್ತ ಇಲಿಯನ್ನು ಅಂಚೆಯಲ್ಲಿ ಕಳಿಸಿದರು. ಪಕ್ಕದೂರಿನ ಕೋರಿ ಸ್ಟಬಲ್‌ಫೀಲ್ಡ್ ಅನ್ನುವವನು ಮುಂಬಾಗಿಲ ಗಾಜಿಗೆ ಇಟ್ಟಿಗೆ ಎಸೆದು ಸಿಕ್ಕಿಬಿದ್ದು ದಂಡ ಕಟ್ಟಿದ. ಬರ್ನಡೀನ್ ಗಾಜಿನ ಚೂರು ಗುಡಿಸಿ, ಬಾಗಿಲಿಗೆ ಹಲಗೆ ಹೊಡೆದು, ಮತ್ತೆ ಹೋಗಿ ಕೂತಳು.

ಆ ಪುಟದಲ್ಲಿ ಒಂದು ವಾಕ್ಯ ಇತ್ತು: ಟಾರ್ವಾಟರ್ ತನ್ನ ಮೊದಲ ಹೆಂಡತಿ ವನೆಟ್ಟಾಳ ದವಡೆ ಮುರಿದು ಬಂಧನಕ್ಕೊಳಗಾಗಿದ್ದ. ಅದನ್ನು ಹಾಕಿದವರು ಯಾರೋ ಹೆಸರಿಲ್ಲದವರು, ಆಧಾರವೂ ಇರಲಿಲ್ಲ. ಆಮೇಲೆ ದೊಡ್ಡ ಊರಿನ ವಾರಪತ್ರಿಕೆಯೊಂದು ಅದೇ ಮಾತನ್ನು ಬರೆಯಿತು. ಆ ವಾರಪತ್ರಿಕೆಯನ್ನು ತಂದು ವಾಕ್ಯದ ಕಾಲಿಗೆ ಆಧಾರವೆಂದು ಕಟ್ಟಿದವಳು ಬರ್ನಡೀನ್. "ಸಿಕ್ತು ಕಣೇ ವಿಲ್ಮಾ, ಅಚ್ಚಾಗಿರೋದು ಸಿಕ್ತು!" ಅಂತ ಅವತ್ತು ಕುಣಿದಾಡಿದ್ದಳು. ಜನ್ಮದಲ್ಲಿ ಅವಳು ಕುಣಿದದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಕಳೆದ ವರ್ಷ ಈಸ್ಟರಿಗೆ ಮುಂಚಿನ ಉಪವಾಸದ ದಿನಗಳಲ್ಲಿ ಆ ಪುಟದ ಚರ್ಚೆಯ ಜಾಗದಲ್ಲಿ ವನೆಟ್ಟಾ ಬಂದು ಬರೆದಳು. "ಆ ಗಂಡ ನಾಯಿಗಿಂತ ಕಡೆ. ಆದ್ರೆ ನನ್ನ ಮೇಲೆ ಕೈ ಮಾಡಿಲ್ಲ. ನನ್ನ ಮೊಮ್ಮಕ್ಕಳ ಜೊತೆ ಓದೋ ಹುಡುಗ್ರು, ಎಲ್ಲಿ ನಿಮ್ಮಜ್ಜಿ ದವಡೆ ತೋರ್ಸು ಅಂತಾರೆ. ಮೊಮ್ಮಗ ಹೊಡೆದಾಡಿ ಮೂಗು ಒಡೆಸ್ಕೊಂಡು ಬಂದ. ದಯವಿಟ್ಟು ತೆಗೀರಿ."

ಬರ್ನಡೀನಳ ಮುಖ ಬಿಳಿಚಿಕೊಂಡಿತು. ಎರಡು ದಿನ ಹಳೆಯ ದಾಖಲೆಗಳನ್ನು ತಡಕಾಡಿದಳು. ಪೊಲೀಸ್ ದಾಖಲೆ ಇಲ್ಲ, ಕೋರ್ಟಿನ ಕಾಗದ ಇಲ್ಲ, ಆವತ್ತಿನ ಪತ್ರಿಕೆಗಳಲ್ಲಿ ಒಂದು ಸಾಲಿಲ್ಲ. ವಾರಪತ್ರಿಕೆಯವರು ಆ ಮಾತನ್ನು ಎತ್ತಿದ್ದು ಈ ಪುಟದಿಂದಲೇ! ಪುಟ ಪತ್ರಿಕೆಗೆ ಆಧಾರ, ಪತ್ರಿಕೆ ಪುಟಕ್ಕೆ ಆಧಾರ. ನಡುವೆ ಗಂಟು ಹಾಕಿದವಳು ಇವಳು.

ಮೊದಲು ಬರೆದವರು ಯಾರು ಎಂದು ಹುಡುಕಿದಳು. ಹೆಸರಿಲ್ಲದೆ ಬರೆದರೆ ಅಲ್ಲಿ ಹೆಸರಿನ ಬದಲು ಮನೆಯ ಅಂತರ್ಜಾಲ ಸಂಪರ್ಕದ ಸಂಖ್ಯೆ ಬೀಳುತ್ತದೆ. ಆ ಸಂಖ್ಯೆ ಅವಳಿಗೆ ಬಾಯಿಪಾಠವಿತ್ತು. ಅದು ಅವಳ ಮನೆಯದೇ.

ಆ ಶುಕ್ರವಾರ ಮಧ್ಯಾಹ್ನ ಎಮಿಲನನ್ನು ಕರೆಸಿದಳು. ಉಪವಾಸದ ಶುಕ್ರವಾರಗಳಲ್ಲಿ ನಾವು ಹೆಂಗಸರೆಲ್ಲ ಚರ್ಚಿನಲ್ಲಿ ಪಿರೋಹಿ ಮಾಡಿ ಮಾರುತ್ತೇವೆ. ಮಿಕ್ಕಿದ ಒಂದು ಡಜನ್ ಅವಳಿಗೆ ಕೊಡೋಣವೆಂದು ಹಿತ್ತಲ ಬಾಗಿಲಿಂದ ಬಂದೆ. ಇಬ್ಬರೂ ಅಡುಗೆಮನೆಯಲ್ಲಿ ನಿಂತಿದ್ದರು.

"ಮುಷ್ಕರದ ವರ್ಷ, ಈಸ್ಟರ್ ಹಿಂದಿನ ಶನಿವಾರ, ಮಧ್ಯಾಹ್ನ ಎರಡು ಇಪ್ಪತ್ತು," ಅಂದಳು ಬರ್ನಡೀನ್. "ನಾನು ಹಬ್ಬದ ಊಟದ ಬುಟ್ಟಿಗೆ ಆಶೀರ್ವಾದ ಮಾಡಿಸ್ಕೊಂಡು ಬರಕ್ಕೆ ಚರ್ಚಿಗೆ ಹೋಗಿದ್ದೆ. ನೀನು ಆಸ್ಪತ್ರೆಯಿಂದ ಇಲ್ಲಿಗೆ ಬಂದು ವಾರ ಆಗಿತ್ತು. ಮನೇಲಿ ಇನ್ಯಾರೂ ಇರ್ಲಿಲ್ಲ."

"ಹೌದು, ನಾನೇ ಬರ್ದೆ. ಏನೀವಾಗ?"

"ಆ ಹೆಂಗಸಿಗೆ ಮೊಮ್ಮಕ್ಕಳಿದಾರೆ ಎಮಿಲ್."

"ನನ್ನ ಕಣ್ಣೆಲ್ಲಿ? ಅದಕ್ಕೆ ಅಡಿಟಿಪ್ಪಣಿ ಹಾಕು ನೋಡೋಣ! ಅವನ ಬಗ್ಗೆ ಒಂದು ಸುಳ್ಳು ಇದ್ರೆ ನಿಂಗ್ಯಾಕೆ ಹೊಟ್ಟೆನೋವು? ನೀನು ಅವನ ಅಕ್ಕಾನಾ, ನನ್ನ ಅಕ್ಕಾನಾ?"

"ತೆಗೀತೀನಿ. ಯಾಕೆ ತೆಗ್ದೆ ಅಂತಾನೂ ಬರೀತೀನಿ," ಅಂದವಳೇ ಮೇಜಿನ ಮೇಲಿದ್ದ ಕಂಪ್ಯೂಟರಿನ ಮುಂದೆ ಕೂತಳು.

ಒಲೆಯ ಪಕ್ಕ ಮಾಂಸ ಬಡಿಯುವ ಮರದ ಸುತ್ತಿಗೆ ಇತ್ತು. ಅವನ ಕೈ ಅದರ ಮೇಲೆ ಯಾವಾಗ ಹೋಯಿತೋ ಕಾಣಲಿಲ್ಲ. ಕುಲುಮೆಯ ಮುಂದೆ ಇಪ್ಪತ್ತು ವರ್ಷ ದುಡಿದ ತೋಳು ಅದು. ಒಂದೇ ಏಟು. ಬರ್ನಡೀನಳ ಮುಖ ಒಂದು ಕಡೆಗೆ ತಿರುಚಿಕೊಂಡಿತು, ಹಲ್ಲುಗಳು ನೆಲದ ಮೇಲೆ ಚೆಲ್ಲಿದವು, ಅವಳು ಕುರ್ಚಿ ಸಮೇತ ಉರುಳಿದಳು. ಅವನು ಇನ್ನೊಮ್ಮೆ ಕೈ ಎತ್ತಿದ. ನಾನು ಪಿರೋಹಿಯ ತಟ್ಟೆಯನ್ನು ಅವನ ತಲೆಗೆ ಬೀಸಿ ಎಸೆದೆ. ಬೆಣ್ಣೆ, ಈರುಳ್ಳಿ ಮುಖದಿಂದ ಇಳಿಯುತ್ತಿದ್ದಂತೆ ಅವನು ನನ್ನನ್ನು ನೋಡಿದ, ಕೈಯಲ್ಲಿದ್ದ ಸುತ್ತಿಗೆಯನ್ನು ನೋಡಿದ, ಅಕ್ಕನನ್ನು ನೋಡಿದ. ಮಂಡಿಯೂರಿ ಕೂತು ಚಿಕ್ಕ ಮಗುವಿನ ಹಾಗೆ ಗೋಳಾಡತೊಡಗಿದ.

ಆಂಬುಲೆನ್ಸಿನವರಿಗೆ ಅವನೇ ಹೇಳಿದ: "ಇಬ್ಬರು ಗಂಡಸರು. ಓಡಿಹೋದ್ರು. ಟಾರ್ವಾಟರ್ ಕಡೆಯವರು." ಪೊಲೀಸರು ನನ್ನ ಕಡೆ ತಿರುಗಿದರು. "ನಾನು ಬರೋ ಹೊತ್ತಿಗೆ ಎಲ್ಲಾ ಆಗ್ಹೋಗಿತ್ತು," ಅಂದೆ. ಎಮಿಲನ ಆ ಒಂಟಿ ಕಣ್ಣು ನನ್ನನ್ನೇ ನೋಡುತ್ತಿತ್ತು. ಥೂ, ನನ್ನ ಬಾಯಿಗಿಷ್ಟು.

ಇಟ್ಟಿಗೆಯ ಕಥೆ ಊರಿಗೆಲ್ಲ ಗೊತ್ತಿತ್ತಲ್ಲ, ಎಲ್ಲರೂ ನಂಬಿದರು. ಪತ್ರಿಕೆ ಬರೆಯಿತು. ಟಿ.ವಿ.ಯವರು ಬಂದರು. ಎಮಿಲ್ ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತು, "ನನ್ನ ಕಣ್ಣು ತಿಂದ್ರು, ಈಗ ನಮ್ಮಕ್ಕನ ಬಾಯಿ ತಿಂದ್ರು. ಇದಕ್ಕೆ ಉತ್ತರ ಕೊಡೋ ಗಂಡಸ್ರು ಈ ಕಣಿವೇಲಿ ಇಲ್ವಾ?" ಅಂತ ಕ್ಯಾಮೆರಾದ ಮುಂದೆ ಗದ್ಗದಿತನಾದ. ಅವನ ಅಳು ನಿಜವಾದದ್ದೇ. ಆದರೂ ನಾನು ಮುಖ ತಿರುಗಿಸಿಕೊಂಡೆ.

ದವಡೆ ಎರಡು ಕಡೆ ಮುರಿದಿತ್ತು. ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ತಂತಿ ಬಿಗಿದು ಬಾಯಿ ಮುಚ್ಚಿಬಿಟ್ಟಿದ್ದರು. ಎಚ್ಚರವಾಗಿ ಎರಡನೇ ದಿನವೇ ಸನ್ನೆ ಮಾಡಿ ಕಂಪ್ಯೂಟರ್ ತರಿಸಿಕೊಂಡಳು. ವನೆಟ್ಟಾಳ ವಾಕ್ಯವನ್ನು ಕಿತ್ತು, ಚರ್ಚೆಯ ಜಾಗದಲ್ಲಿ ಬರೆದಳು: "ಇದು ಸುಳ್ಳು. ಇದಕ್ಕೆ ಆಧಾರ ಅಂಟಿಸಿದ ತಪ್ಪು ನನ್ನದು. ಕ್ಷಮಿಸಿ." ಆಮೇಲೆ ಪುಟದ ಕೆಳಭಾಗಕ್ಕೆ ಹೋದವಳು ಅಲ್ಲೇ ನಿಂತಳು. ಹೊಸ ವಾಕ್ಯವೊಂದು ಬಂದಿತ್ತು: ಟಾರ್ವಾಟರನ ಜೀವನಚರಿತ್ರೆಯನ್ನು ತಿದ್ದುತ್ತಿದ್ದ ಮಹಿಳೆಯ ದವಡೆಯನ್ನು ಅವನ ಅಭಿಮಾನಿಗಳು ಮುರಿದರು. ಕೆಳಗೆ ನಮ್ಮ ಕಣಿವೆಯ ಪತ್ರಿಕೆಯ ಆಧಾರ.

ತನ್ನ ಸುದ್ದಿಯನ್ನು ತಾನೇ ತಿದ್ದಬಾರದು ಅನ್ನುವುದು ಅವರ ನಿಯಮ. ಚರ್ಚೆಯಲ್ಲಿ ಬರೆದಳು: "ಆ ಮಹಿಳೆ ನಾನೇ. ಹೊಡೆದವರು ಅವರಲ್ಲ. ತೆಗೆಯಿರಿ." ಯಾರೋ ತುಂಬ ಮರ್ಯಾದೆಯಿಂದ ಉತ್ತರ ಕೊಟ್ಟರು. ನಿಮಗಾದ ನೋವಿಗೆ ವಿಷಾದವಿದೆ, ಆದರೆ ನೀವು ಅವರೇ ಎಂದು ನಮಗೆ ಗೊತ್ತಾಗುವುದು ಹೇಗೆ? ಪತ್ರಿಕೆ ಹೀಗೆ ಬರೆದಿದೆ. ನಿಮ್ಮ ಬಳಿ ಅಚ್ಚಾದ ಆಧಾರ ಏನಾದರೂ ಇದೆಯೇ?

ಓದಿ ನನಗೆ ನಗು ತಡೆಯಲಾಗಲಿಲ್ಲ. "ಅನುಭವಿಸು! ನಿನ್ನ ಮುಖ ನೀನೇ ನೋಡಿದ್ರೂ ಆಧಾರ ಅಲ್ವಂತೆ!" ಅಂದೆ. ಅವಳೂ ನಕ್ಕಳೇನೋ, ತಂತಿಯ ಸಂದಿಯಿಂದ ರಕ್ತ ಜಿನುಗಿತು. ನನ್ನ ನಗು ನಿಂತುಹೋಯಿತು.

"ಬಿಟ್ಬಿಡೇ," ಅಂದೆ. "ಆ ಟಾರ್ವಾಟರನಿಗೆ ಈ ಒಂದು ಮಾತು ಅಂಟ್ಕೊಂಡ್ರೆ ಏನು ಕಳ್ಕೊತಾನೆ? ಮಿಹಾಲಿಕ್ ಮಣ್ಣಲ್ಲಿದಾನೆ. ಅವನು ಟಿ.ವಿ.ಲಿದಾನೆ. ಇರ್ಲಿ ಅವನಿಗೊಂದು ಕಲೆ. ನೀನು ನಿಜ ಹೇಳಿದ್ರೆ ಎಮಿಲ್ ಜೈಲಿಗೆ ಹೋಗ್ತಾನೆ. ನಿಂಗಿರೋದು ಅವನೊಬ್ನೇ."

ಅವಳು ಮಾತಿನ ಬದಲು ಬರೆಯುತ್ತಿದ್ದ ಚೀಟಿಯನ್ನು ಪಕ್ಕಕ್ಕೆ ತಳ್ಳಿದಳು. ಗೋಡೆ ಕಡೆ ತಿರುಗಿ ಮಲಗಿಬಿಟ್ಟಳು. ಹೀಗೇ ಎರಡು ವಾರ ಕಳೆಯಿತು. ಮನೆಗೆ ಬಂದಳು. ಎಮಿಲ್ ದಿನಾ ಬಂದು ಎಲೆಕೋಸಿನ ಸಾರನ್ನು ಅರೆದು ಸೋಸಿ, ಕೊಳವೆ ಹಾಕಿ ಕುಡಿಸುತ್ತಿದ್ದ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ.

ಆಮೇಲೆ ಟಿ.ವಿ.ಯವರು ಮತ್ತೆ ಬಂದರು, ಎಮಿಲ್ ಮತ್ತೆ ಅದೇ ಮಾತಾಡಿದ. ಈ ಸಲ ಕೋರಿ ಸ್ಟಬಲ್‌ಫೀಲ್ಡನ ಹೆಸರನ್ನೂ ಹೇಳಿದ. ಮೂರನೇ ದಿನ ಗಾಜಿನ ಕಾರ್ಖಾನೆಯ ನಾಲ್ವರು ಪೆಟ್ರೋಲ್ ಬಂಕಿನಲ್ಲಿ ಕೋರಿಯನ್ನು ಟ್ರಕ್ಕಿನಿಂದ ಎಳೆದು ದೊಣ್ಣೆಯಲ್ಲಿ ಬಡಿದರು. ಪಕ್ಕೆಲುಬು ಮುರಿದು ಶ್ವಾಸಕೋಶಕ್ಕೆ ಚುಚ್ಚಿತ್ತು. ಮೊಣಕಾಲು ಪುಡಿಯಾಗಿತ್ತು. ಹಿಂದಿನ ಸೀಟಿನಲ್ಲಿ ಅವನ ಮಗಳು ಕೂತಿದ್ದಳಂತೆ, ಐದು ವರ್ಷದವಳು.

ಸುದ್ದಿ ತಂದವಳು ನಾನೇ. ಬರ್ನಡೀನ್ ಚೀಟಿ ಎಳೆದುಕೊಂಡು ಎರಡೇ ಪದ ಬರೆದಳು: "ಮೂರನೇ ದಿನ."

ಆಮೇಲೆ ಅವಳ ಪೆನ್ನು ನಿಲ್ಲಲಿಲ್ಲ, ಕಾಗದ ಹರಿಯುವ ಹಾಗೆ ಒತ್ತಿ ಒತ್ತಿ ಬರೆದಳು. "ಟಾರ್ವಾಟರ್ ಹೇಳಿದ, ಮೂರನೇ ದಿನ ಹೊಡೆದರು. ನನ್ನ ತಮ್ಮ ಹೇಳಿದ, ಮೂರನೇ ದಿನ ಹೊಡೆದರು. ಆ ಮಗು ನೋಡಿದೆ. ಕಾರು ತೆಗಿ ವಿಲ್ಮಾ."

"ಎಲ್ಲಿಗೆ?" ಅಂದೆ, ಗೊತ್ತಿದ್ದೂ.

ಅವಳು ನನ್ನತ್ತ ಬೆರಳು ತೋರಿಸಿದಳು. ನೀನೂ ಹೇಳಬೇಕು ಅಂತ.

ಪೊಲೀಸ್ ಠಾಣೆಯಲ್ಲಿ ಅವಳು ಬರೆದುಕೊಟ್ಟಳು. ನಾನು ಬಾಯಿಬಿಟ್ಟು ಹೇಳಿದೆ, ಹತ್ತೊಂಬತ್ತು ದಿನದ ಹಿಂದೆ ಸುಳ್ಳು ಹೇಳಿದ್ದನ್ನೂ ಹೇಳಿದೆ. ನನ್ನನ್ನೂ ಒಳಗೆ ಹಾಕುತ್ತಾರೆ ಅಂತ ಕೈಚೀಲದಲ್ಲಿ ಮಾತ್ರೆ ಡಬ್ಬಿ ಇಟ್ಟುಕೊಂಡೇ ಹೋಗಿದ್ದೆ. ಬೈದು ಬಿಟ್ಟರು. ಎಮಿಲನನ್ನು ಅವಳ ಅಡುಗೆಮನೆಯಿಂದಲೇ ಹಿಡಿದರು, ಒಲೆಯ ಮೇಲೆ ಅವಳ ಸಾರು ಕುದಿಯುತ್ತಿತ್ತು. ಬೇಡಿ ತೊಡಿಸುವಾಗ ಅವನು, "ಆ ಟಾರ್ವಾಟರನಿಗೋಸ್ಕರ ನನ್ನನ್ನ ಕೊಟ್ಬಿಟ್ಯಾ ಅಕ್ಕ?" ಅಂದ.

ಪತ್ರಿಕೆ ತಿದ್ದುಪಡಿ ಹಾಕಿತು, ಒಳಪುಟದಲ್ಲಿ, ಹೆಬ್ಬೆರಳಿನಷ್ಟು ಜಾಗದಲ್ಲಿ. ಅದೇ ಆಧಾರವಾಯಿತು. ಪುಟದಿಂದ ವಾಕ್ಯ ಹೋಯಿತು. ಎಮಿಲನಿಗೆ ಹನ್ನೊಂದು ತಿಂಗಳ ಜೈಲಾಯಿತು. ಅವಳ ಬೇಲಿಯ ಮೇಲೆ ಯಾರೋ ಕೆಂಪು ಬಣ್ಣದಲ್ಲಿ 'ದ್ರೋಹಿ' ಅಂತ ಬಳಿದರು. ಮೊದಲು ಟಾರ್ವಾಟರನ ಕಡೆಯವರು ಬಳಿದಿದ್ದ 'ದ್ರೋಹಿ' ಇನ್ನೂ ಪೂರ್ತಿ ಮಾಸಿರಲಿಲ್ಲ. ನಮ್ಮವರೇ, ನಮ್ಮ ಚರ್ಚಿನವರೇ, ಪಿರೋಹಿ ಮಡಚುವ ಮೇಜಿನಲ್ಲಿ ನಮ್ಮಿಬ್ಬರಿಗೂ ಜಾಗ ಬಿಡಲಿಲ್ಲ.

ಟಾರ್ವಾಟರ್ ಬಿಡುತ್ತಾನೆಯೇ? ಒಂದು ಇಡೀ ಸಂಜೆ ಎಮಿಲನ ಮುಖವನ್ನು ತೆರೆಯ ತುಂಬ ಹಿಗ್ಗಿಸಿ ತೋರಿಸಿ ಕುಣಿದ. "ಸ್ವಂತ ಅಕ್ಕನ ದವಡೆ ಮುರಿದವನು! ಇವನ ಕಣ್ಣು ಮುಷ್ಕರದಲ್ಲಿ ಹೋಯ್ತಂತೆ. ನಂಬ್ತೀರಾ? ಕುಡುಕರ ಜಗಳದಲ್ಲಿ ಹೋಗಿರಬೇಕು!" ಕಾರ್ಯಕ್ರಮ ಮುಗಿಯುವಷ್ಟರಲ್ಲಿ ಅದು ಪುಟಕ್ಕೆ ಬಂದೇಬಿಟ್ಟಿತ್ತು: ಎಮಿಲ್ ಹ್ರಾಬ್ಚಾಕ್ ಕಣ್ಣು ಕಳೆದುಕೊಂಡದ್ದು ಹೆಂಡದಂಗಡಿಯ ಹೊಡೆದಾಟದಲ್ಲಿ. ನಾನು ಟಿ.ವಿ. ಮೇಲೆ ಚಪ್ಪಲಿ ಎಸೆದೆ. ಬರ್ನಡೀನ್ ಎಸೆಯಲಿಲ್ಲ. ಕೂತು ಬರೆಯತೊಡಗಿದಳು.

ಮರುವಾರ ಜಿಲ್ಲಾ ಜೈಲಿಗೆ ಹೋದೆವು. ಅವಳ ತಂತಿ ಬಿಚ್ಚಿ ಎರಡು ದಿನವಾಗಿತ್ತು. ಇಷ್ಟು ವಾರ ಎಮಿಲ್ ಅವಳನ್ನು ನೋಡಲು ಒಪ್ಪಿರಲಿಲ್ಲ, ಅವತ್ತು ಒಪ್ಪಿದ. ಅವನ ಹುಬ್ಬು ಒಡೆದಿತ್ತು, ತುಟಿ ಊದಿತ್ತು. ನಡುವೆ ದಪ್ಪ ಗಾಜು, ಈ ಕಡೆ ಒಂದು ಫೋನು, ಆ ಕಡೆ ಒಂದು. ನಾನು ಅವಳ ಫೋನಿಗೆ ಕಿವಿ ತಾಗಿಸಿ ಕೇಳಿಸಿಕೊಂಡೆ.

"ಟಾರ್ವಾಟರ್ ಹೇಳಿದ್ದನ್ನ ಇಲ್ಲಿ ಎಲ್ರೂ ನೋಡಿದ್ರು," ಅಂದ ಎಮಿಲ್. "'ಏ ಕುಡುಕ' ಅಂತ ಕರೆದು ಹೊಡೀತಾರೆ. ಈಗ ನಿನ್ನ ಪುಟದಲ್ಲೂ ಅದೇ ಇರುತ್ತೆ ಅಲ್ವಾ? ಟಿ.ವಿ.ಲಿ ಬಂತಲ್ಲ, ಆಧಾರ."

"ಬಂದಿತ್ತು. ಒಂದೂವರೆ ಗಂಟೆ ಇತ್ತು." ಅವಳ ಮಾತು ಇನ್ನೂ ತೊದಲುತ್ತಿತ್ತು.

"ನೀನು ತೆಗ್ದ್ಯಾ?"

"ನಾನು ನಿನ್ನ ಅಕ್ಕ. ನಾನು ತೆಗೀಬಾರ್ದು. ಪತ್ರಿಕೇಲಿ ಬಂದಿದ್ದ ನಿನ್ನ ಹಳೇ ಚಿತ್ರ ಎಲ್ಲಿದೆ ಅಂತ ತೋರ್ಸಿ, ಯಾರಾದ್ರೂ ನೋಡಿ ಅಂತ ಕೇಳ್ಕೊಂಡೆ."

"ಯಾರು ನೋಡಿದ್ರು?"

"ಗೋಧಿಹೊಲ."

ಆ ಹೆಸರು ಎಮಿಲನಿಗೆ ಗೊತ್ತಿತ್ತು. ಐದು ವರ್ಷ ಅಕ್ಕನ ಜೀವ ತಿಂದವನು. "ಆ ಟಾರ್ವಾಟರನ ಬಾಲಾನಾ?"

ಅವಳು ಜೇಬಿನಿಂದ ಕಾಗದ ತೆಗೆದು ಓದಿದಳು. "'ಊಹೆಯ ಮಾತು ಆಧಾರವಲ್ಲ. ಬದುಕಿರುವ ಮನುಷ್ಯನ ವಿಷಯ ಇದು. ತೆಗೆದಿದ್ದೇನೆ. ಮತ್ತೆ ಹಾಕುವವರು ಮೊದಲು ನನ್ನ ಜೊತೆ ಮಾತಾಡಲಿ. ವನೆಟ್ಟಾಳ ವಿಷಯದಲ್ಲಿ ಒಂಬತ್ತು ಬೆರಳು ಇದನ್ನೇ ಮಾಡಿದ್ದಳು.' ಆಮೇಲೆ ಮೂರು ಸಲ ಹಾಕಿದ್ರು. ಮೂರು ಸಲಾನೂ ಅವನೇ ತೆಗ್ದ."

ಎಮಿಲ್ ಫೋನನ್ನು ಕಿವಿಯಿಂದ ಇಳಿಸಿದ. ಹಣೆಯನ್ನು ಗಾಜಿಗೆ ಒತ್ತಿದ. ಕಾವಲಿನವನು ಬಂದು ಭುಜ ತಟ್ಟಿದ ಮೇಲೆ ಮತ್ತೆ ಫೋನು ಎತ್ತಿದ.

"ಅಕ್ಕ, ದವಡೆ ನೋಯುತ್ತಾ?"

ಅಷ್ಟು ದಿನ ಸಾರು ಕುಡಿಸಿದಾಗಲೂ ಅವನು ಅದನ್ನು ಕೇಳಿರಲಿಲ್ಲ.

"ಚಳಿಗೆ ನೋಯುತ್ತೆ. ತುಂಬ ನೋಯುತ್ತೆ ಎಮಿಲ್," ಅಂದಳು ಬರ್ನಡೀನ್. "ಇದಕ್ಕೆ ಆಧಾರ ಏನೂ ಇಲ್ಲ. ನಾನು ಹೇಳ್ತಿರೋದು ಅಷ್ಟೆ."

"ಸಾಕು," ಅಂದ ಅವನು. "ನಂಗೆ ಅಷ್ಟು ಸಾಕು."